ಗಡಸು ನೀರು: ಕುದಿಸಿದರೆ ಸಾಕೇ?

ಗದಗ, ಮುಂಡರಗಿ ಕಡೆ ತುಂಗಭದ್ರೆಯ ನೀರು ಬಾರದ ದಿನ ಕೊಳವೆಬಾವಿಯ ಗಡಸು ನೀರೇ ಗತಿ. ಅದು ಕಾದಾಗ ಕರಗಿದ್ದ ಕ್ಯಾಲ್ಸಿಯಂ ಸುಣ್ಣದಂತೆ ಗಟ್ಟಿಯಾಗಿ ಗೀಸರಿನ ಕಾಯಿಲ್‌ಗೆ ಅಂಟುತ್ತದೆ. ಪದರ ದಪ್ಪವಾದಷ್ಟೂ ನೀರು ಕಾಯಲು ಹೆಚ್ಚು ಕರೆಂಟು ಬೇಕು. ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಗೀಸರನ್ನು ವರ್ಷಕ್ಕೊಮ್ಮೆ ಮೆಕ್ಯಾನಿಕ್ಕಿನಿಂದ ಸ್ವಚ್ಛ ಮಾಡಿಸಿ. ಚಹಾ ಪಾತ್ರೆಗಾದರೆ ನೀರಿಗೆ ನಿಂಬೆರಸ ಹಿಂಡಿ ಕುದಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಸಾಕು.

ಆದರೆ ಪದರ ತಳಕ್ಕಿಳಿಯಿತು, ನೀರು ಶುದ್ಧವಾಯಿತು ಎಂದುಕೊಂಡು ಮಕ್ಕಳಿಗೆ ಕುಡಿಸಬೇಡಿ. ಮುಂಡರಗಿ ಭಾಗದ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ; ನೀರು ಆವಿಯಾದಂತೆ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಸ್ನಾನಕ್ಕೆ, ಬಟ್ಟೆಗೆ ಇರಲಿ, ಕುಡಿಯಲು ಬೇಡ. ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಕಲೆ ಕಂಡರೆ ತಡಮಾಡದೆ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡಿ.