ಗೋಡೆಯ ಬುಡದ ನೀರು: ಮಳೆಗಾಲಕ್ಕೆ ಮುನ್ನ ಮನೆಗಳ ತಪಾಸಣೆ ಮತ್ತು ದುರಸ್ತಿಯ ಯೋಜನೆ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು)

1. ಪೀಠಿಕೆ

ಮಳೆಗೆ ಮನೆ ಬಿದ್ದಾಗ ಗ್ರಾಮ ಪಂಚಾಯತಿಯ ಕೆಲಸ ಸಾಮಾನ್ಯವಾಗಿ ಪಂಚನಾಮೆಯಿಂದ ಆರಂಭವಾಗುತ್ತದೆ. ಆದರೆ ಆ ಗೋಡೆ ಒಂದೇ ರಾತ್ರಿಯ ಮಳೆಗೆ ಬಿದ್ದಿರುವುದು ಅಪರೂಪ. ಹಲವು ವರ್ಷಗಳಿಂದ ಅದರ ಬುಡದಲ್ಲಿ ನೀರು ನಿಂತಿರುತ್ತದೆ, ಮಾಳಿಗೆಯ ಒಂದು ಮೂಲೆ ಸೋರುತ್ತಿರುತ್ತದೆ, ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುತ್ತದೆ. ಕೊನೆಯ ಮಳೆ ನೆಪ ಮಾತ್ರ.

2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿ ಗ್ರಾಮದಲ್ಲಿ ಮಳೆಗೆ ನೆನೆದ ಮನೆಯ ಗೋಡೆ ಕುಸಿದು ಏಳು ಜನ ಮೃತಪಟ್ಟರು. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳಿಗೂ ಇದು ಪಾಠ. ಗೋಡೆ ಬೀಳುವುದಕ್ಕೆ ನದಿಯ ಪ್ರವಾಹವೇ ಬರಬೇಕೆಂದಿಲ್ಲ, ಜೂನ್–ಜುಲೈ ದಾಟಿತೆಂದರೆ ಅಪಾಯ ದಾಟಿತು ಎಂದೂ ಅಲ್ಲ.

ಪರಿಹಾರದ ಲೆಕ್ಕವನ್ನೂ ಸದಸ್ಯರು ತಿಳಿದಿರುವುದು ಒಳ್ಳೆಯದು. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಗೃಹ ಸಚಿವಾಲಯವು 2022–26ರ ಅವಧಿಗೆ ನಿಗದಿಪಡಿಸಿದ ದರದಂತೆ, ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಯಾದ ಮನೆಗೆ ರೂ. 1,20,000, ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ ರೂ. 6,500, ಕಚ್ಚಾ ಮನೆಗೆ ರೂ. 4,000. ಶೇ. 15ಕ್ಕಿಂತ ಕಡಿಮೆ ಹಾನಿಗೆ ಈ ದರಪಟ್ಟಿಯಲ್ಲಿ ಏನೂ ಇಲ್ಲ. ಭಾಗಶಃ ಬಿದ್ದ ಗೋಡೆಯನ್ನು ನಾಲ್ಕು ಸಾವಿರ ರೂಪಾಯಿಯಲ್ಲಿ ಎಬ್ಬಿಸಲು ಸಾಧ್ಯವಿಲ್ಲ. ಅದೇ ಗೋಡೆಯ ಬುಡದಿಂದ ನೀರನ್ನು ಆಚೆಗೆ ಹರಿಸಲು ಅನೇಕ ವೇಳೆ ಒಂದು ಸಲಿಕೆ ಮತ್ತು ಎರಡು ದಿನದ ಶ್ರಮ ಸಾಕು.

2. ಈ ಭಾಗದ ಮಣ್ಣು, ಮಳೆ ಮತ್ತು ಮನೆ

ಈ ಐದು ತಾಲ್ಲೂಕುಗಳಲ್ಲಿ ಮಳೆ ಒಂದೇ ತೆರನಾಗಿಲ್ಲ. ಪಶ್ಚಿಮದ ನಿಪ್ಪಾಣಿ ಕಡೆಗೆ ಮಳೆ ಹೆಚ್ಚು. ಪೂರ್ವಕ್ಕೆ ಅಥಣಿಯತ್ತ ಸಾಗಿದಂತೆ ಕಡಿಮೆಯಾಗುತ್ತದೆ. ಅಥಣಿ ಭಾಗದಲ್ಲಿ ಹುಬ್ಬಾ, ಉತ್ತರಾ, ಹಸ್ತಾ ಮಳೆಗಳ ಕಾಲವೂ ಮುಖ್ಯ. ಆದ್ದರಿಂದ ನಿಪ್ಪಾಣಿಯ ಗ್ರಾಮಗಳಲ್ಲಿ ಮೃಗಶಿರಾ ಮಳೆಗೆ ಮುನ್ನ ಒಮ್ಮೆ ತಪಾಸಣೆ ಮಾಡಿದರೆ, ಅಥಣಿ ಮತ್ತು ರಾಯಬಾಗದ ಒಣ ಭಾಗಗಳಲ್ಲಿ ಆಗಸ್ಟ್ ಕೊನೆಗೆ ಮತ್ತೊಮ್ಮೆ ನೋಡುವುದು ಸೂಕ್ತ.

ಮಳೆ ಕಡಿಮೆ ಇರುವ ಊರುಗಳಲ್ಲಿಯೂ ನದಿ ಬೇರೆ ಲೆಕ್ಕದಲ್ಲಿ ಬರುತ್ತದೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಸಹ್ಯಾದ್ರಿಯ ಮಳೆಯನ್ನು ಹೊತ್ತು ಮಹಾರಾಷ್ಟ್ರದಿಂದ ಇಳಿಯುತ್ತವೆ. ಊರಿನಲ್ಲಿ ಬಿಸಿಲಿದ್ದರೂ ಕಲ್ಲೋಳ, ಯಡೂರ, ಜುಗೂಳ, ಕುಡಚಿ, ಸತ್ತಿಯಂತಹ ಗ್ರಾಮಗಳ ಅಂಚಿಗೆ ನೀರು ಏರಬಹುದು. 2005, 2019 ಮತ್ತು 2021ರಲ್ಲಿ ಇದನ್ನು ಇಡೀ ಜಿಲ್ಲೆ ಕಂಡಿದೆ.

ಮೂರನೆಯದು ಎರೆಮಣ್ಣು. ನದಿ ಬಯಲಿನ ಈ ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರಿಯುತ್ತದೆ. ಇದರ ಮೇಲೆ ಆಳವಿಲ್ಲದ ಅಡಿಪಾಯ ಹಾಕಿ ಕಟ್ಟಿದ ಮನೆ ಪ್ರತಿ ವರ್ಷ ಸ್ವಲ್ಪ ಏರಿ ಸ್ವಲ್ಪ ಇಳಿಯುತ್ತದೆ. ಮನೆಯ ಒಂದು ಬದಿಗೆ ಬಚ್ಚಲು ನೀರು ಸದಾ ಇಂಗುತ್ತಿದ್ದು, ಇನ್ನೊಂದು ಬದಿ ಒಣಗಿದ್ದರೆ ಎರಡೂ ಬದಿ ಸಮನಾಗಿ ಅಲುಗಾಡುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕಿಗೆ ಬಹುತೇಕ ಇದೇ ಮೂಲ. ಅಂತಹ ಬಿರುಕಿಗೆ ಎಷ್ಟು ಬಾರಿ ಸಿಮೆಂಟ್ ತುಂಬಿದರೂ, ಬುಡದ ನೀರು ನಿಲ್ಲುವವರೆಗೆ ಅದು ಮತ್ತೆ ತೆರೆದುಕೊಳ್ಳುತ್ತದೆ.

3. ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ತಗಡಿನ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೇಲ್ಛಾವಣಿ ಸುಮಾರು 56 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಮಳೆಯಾದರೆ ಆ ಛಾವಣಿಯಿಂದ ಇಳಿಯುವ ನೀರು 2,800 ಲೀಟರ್. ಹದಿನೈದು ಲೀಟರಿನ ಸುಮಾರು 185 ಕೊಡ. ಎರಡು ಇಳಿಜಾರಿನ ಛಾವಣಿಯಾದರೆ ಇದರ ಅರ್ಧದಷ್ಟು ನೀರು ಒಂದೊಂದು ಉದ್ದ ಗೋಡೆಯ ಬುಡಕ್ಕೆ ಸುರಿಯುತ್ತದೆ.

ಯಾವ ಮನೆಯೊಡೆಯನೂ ತನ್ನ ಗೋಡೆಯ ಬುಡಕ್ಕೆ ನೂರು ಕೊಡ ನೀರು ಸುರಿಯುವುದಿಲ್ಲ. ಆದರೆ ಛಾವಣಿಯ ಅಂಚು ಗೋಡೆಯಿಂದ ಹೊರಗೆ ಚಾಚಿರದಿದ್ದರೆ ಆಗುವುದು ಅದೇ. ಅಂಚನ್ನು ಒಂದೂವರೆ ಅಡಿ ಹೊರಗೆ ಚಾಚುವುದು, ಅಥವಾ ನೀರು ಹಿಡಿಯುವ ದೋಣಿ ಕಟ್ಟಿ ಪೈಪಿನಿಂದ ಗಟಾರಕ್ಕೋ ತೊಟ್ಟಿಗೋ ಬಿಡುವುದು, ಮನೆಯ ಸುತ್ತ ಮಣ್ಣನ್ನು ಹೊರಗೆ ಇಳಿಜಾರಾಗಿ ದಮ್ಮಸು ಮಾಡುವುದು: ಈ ಮೂರು ಕೆಲಸಗಳು ಇತರ ಎಲ್ಲ ದುರಸ್ತಿಗಿಂತ ಮೊದಲು ಆಗತಕ್ಕವು.

4. ಪಂಚಾಯತಿಯ ರಸ್ತೆಯಿಂದ ಬರುವ ನೀರು

ಗೋಡೆಯ ಬುಡದ ನೀರಿನಲ್ಲಿ ಛಾವಣಿಯ ನೀರು ಮನೆಯವರದ್ದು. ಇನ್ನೊಂದು ಪಾಲು ರಸ್ತೆಯದ್ದು. ಅದು ಗ್ರಾಮ ಪಂಚಾಯತಿಯ ಹೊಣೆ.

ಹಳೆಯ ಓಣಿಯ ಮೇಲೆ 4 ಇಂಚು ತಳಹದಿ, ಅದರ ಮೇಲೆ 6 ಇಂಚು ಕಾಂಕ್ರೀಟ್ ಹಾಕಿದರೆ ರಸ್ತೆ 10 ಇಂಚು ಎತ್ತರವಾಗುತ್ತದೆ. ಕೆಲವು ವರ್ಷಗಳ ನಂತರ ಅದರ ಮೇಲೆಯೇ ಇನ್ನೊಂದು ಪದರ ಬಂದರೆ, ಒಂದು ಕಾಲಕ್ಕೆ ಎರಡು ಮೆಟ್ಟಿಲು ಏರಿ ಹೋಗುತ್ತಿದ್ದ ಮನೆಗೆ ಜನ ಈಗ ಇಳಿದು ಹೋಗಬೇಕಾಗುತ್ತದೆ. ಓಣಿಯ ನೀರೂ ಅದೇ ದಾರಿ ಹಿಡಿಯುತ್ತದೆ. ಕಾಮಗಾರಿ ಅಂದಾಜುಪಟ್ಟಿಯಂತೆ ಸರಿಯಾಗಿಯೇ ಆಗಿರುತ್ತದೆ. ಆದರೆ ಅತ್ಯಂತ ತಗ್ಗಿನಲ್ಲಿರುವ, ಬಹುತೇಕ ಅತ್ಯಂತ ಬಡವರ, ಮಣ್ಣಿನ ಮನೆ ಅದರ ಬೆಲೆ ತೆರುತ್ತದೆ.

ಆದ್ದರಿಂದ ಯಾವುದೇ ರಸ್ತೆ ಕಾಮಗಾರಿಗೆ ಮುನ್ನ ಓಣಿಯ ಅತಿ ತಗ್ಗಿನ ಹೊಸ್ತಿಲನ್ನು ಗುರುತಿಸಿ, ಸಿದ್ಧ ರಸ್ತೆಯ ಮಟ್ಟ ಅದಕ್ಕಿಂತ ಕೆಳಗೆ ಉಳಿಯುವಂತೆ ಅಂದಾಜುಪಟ್ಟಿಯಲ್ಲಿಯೇ ಕೇಳುವುದು ಸದಸ್ಯರ ಹಕ್ಕು ಮತ್ತು ಕರ್ತವ್ಯ. ಅಗತ್ಯವಿದ್ದರೆ ಹಳೆಯ ಪದರವನ್ನು ಕಿತ್ತು ತೆಗೆಯಬೇಕು. ಗಟಾರಕ್ಕೆ ನೂರು ಅಡಿಗೆ ಆರು ಇಂಚಿನಷ್ಟಾದರೂ ಇಳಿಜಾರು ಇರುವುದು ಒಳ್ಳೆಯದು. ಇದನ್ನು ತಿಳಿಯಲು ದೊಡ್ಡ ಉಪಕರಣ ಬೇಡ. ಗೌಂಡಿಗಳ ಬಳಿ ಇರುವ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಸಾಕು. ನಲ್ಲಿಯ ಸೋರಿಕೆ, ಕುಡಿಯುವ ನೀರಿನ ಪೈಪಿಗಾಗಿ ಗೋಡೆಯ ಪಕ್ಕ ಅಗೆದು ಸಡಿಲವಾಗಿ ಮುಚ್ಚಿದ ಕಾಲುವೆ, ಹೂಳು ತುಂಬಿದ ಗಟಾರ ಇವೂ ಇದೇ ಪಟ್ಟಿಗೆ ಸೇರುತ್ತವೆ.

5. ತಪಾಸಣೆಯ ವಿಧಾನ

ತಪಾಸಣೆ ಮೇಲಿನಿಂದ ಕೆಳಕ್ಕೆ ನಡೆಯಲಿ.

ಮಾಳಿಗೆ: ಮೇಲ್ಮುದ್ದೆಯಲ್ಲಿ ಗುಂಡಿ, ಇಲಿಬಿಲ, ಹುಲ್ಲು ಬೆಳೆದ ಜಾಗ, ಕಟ್ಟಿಕೊಂಡ ನೀರುಗೊಳವೆ ಇವನ್ನು ನೋಡಬೇಕು. ಸೋರುತ್ತದೆಂದು ಪ್ರತಿ ವರ್ಷ ಹಳೆಯದರ ಮೇಲೆಯೇ ಹೊಸ ಮಣ್ಣು ಏರಿಸಿದರೆ ತೊಲೆಗಳ ಮೇಲೆ ಭಾರ ಹೆಚ್ಚುತ್ತದೆ. ನೆನೆದ ಮಣ್ಣು ಒಣ ಮಣ್ಣಿಗಿಂತಲೂ ಭಾರ. ಸಡಿಲಾದ ಹಳೆಯ ಪದರವನ್ನು ತೆಗೆದ ಬಳಿಕವೇ ಹೊಸದನ್ನು ಹಾಕಬೇಕು. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಚೂಪಾದ ಮೊಳೆಯಿಂದ ಚುಚ್ಚಿ ನೋಡಬೇಕು. ಮೊಳೆ ಸಲೀಸಾಗಿ ಇಳಿದರೆ ಅಲ್ಲಿ ಮರ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ.

ಹೆಂಚು ಮತ್ತು ತಗಡು: ಒಡೆದ ಹೆಂಚು ಬದಲಿಸಬೇಕು. ತಗಡಿನ ಕೊಕ್ಕೆ, ಬೋಲ್ಟುಗಳನ್ನು ಬಿಗಿ ಮಾಡಬೇಕು. ಗಾಳಿಗೆ ಹಾರದಿರಲೆಂದು ತಗಡಿನ ಮೇಲೆ ಇಟ್ಟ ಕಲ್ಲು, ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ.

ಗೋಡೆ: ಪ್ರತಿ ಬಿರುಕಿನ ತುದಿಗೆ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು. ಬಿರುಕು ಗೆರೆ ದಾಟಿ ಬೆಳೆದರೆ ಅದು ಜೀವಂತ ಬಿರುಕು. ತೂಕದ ಗುಂಡು ಇಳಿಬಿಟ್ಟು ಗೋಡೆಯ ಓರೆಯನ್ನು ಅಳೆದು ಬರೆದಿಡಬೇಕು. ಮರುವರ್ಷದ ಅಳತೆ ಹೆಚ್ಚಾಗಿದ್ದರೆ ಗೋಡೆ ಚಲಿಸುತ್ತಿದೆ ಎಂದೇ ಅರ್ಥ. ಹೊಟ್ಟೆ ಉಬ್ಬಿದ ಗೋಡೆ, ಅಡ್ಡಲಾಗಿ ಓಡಿದ ಬಿರುಕು, ಮೂಲೆಯಲ್ಲಿ ಬೇರ್ಪಟ್ಟ ಎರಡು ಗೋಡೆಗಳು ಕಂಡರೆ ದುರಸ್ತಿಗೆ ಕಾಯದೆ ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ನಿಲ್ಲಿಸಬೇಕು.

ವಿದ್ಯುತ್: ಹಸಿ ಗೋಡೆಗೆ ಅಥವಾ ತಗಡಿಗೆ ತಾಗಿದ ತಂತಿ ಜೀವ ತೆಗೆಯುತ್ತದೆ. ಮನೆಗೆ ಬರುವ ತಂತಿಯ ದೋಷವನ್ನು ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು.

6. ಸಿಮೆಂಟ್ ಲೇಪನದ ತಪ್ಪು ತಿಳಿವಳಿಕೆ

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದರೆ ಮನೆ ಭದ್ರವಾಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ತನ್ನ ಮೈಯಿಂದಲೇ ಗಾಳಿಗೆ ಬಿಡುತ್ತದೆ. ಸಿಮೆಂಟ್ ಪದರ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾದರೂ ಹೊರಗೆ ಗೋಡೆ ಚೊಕ್ಕಟವಾಗಿಯೇ ಕಾಣುತ್ತದೆ. ಎಚ್ಚರಿಕೆ ನೀಡಬೇಕಾದ ಬಿರುಕು ಮರೆಯಾಗುತ್ತದೆ. ಹೊಟ್ಟು ಬೆರೆಸಿ ಕೊಳೆಸಿದ ಮಣ್ಣಿನ ಗಿಲಾವು ಅಥವಾ ಸುಣ್ಣದ ಗಿಲಾವು ಇಂತಹ ಗೋಡೆಗೆ ಒಗ್ಗುತ್ತದೆ. ಹಿರಿಯರು ವರ್ಷಕ್ಕೊಮ್ಮೆ ಗೋಡೆ ಸಾರಿಸಿ ಸುಣ್ಣ ಬಳಿಯುತ್ತಿದ್ದುದು ಹಬ್ಬದ ಅಂದಕ್ಕೆ ಮಾತ್ರವಾಗಿರಲಿಲ್ಲ. ಇಡೀ ಮನೆಯನ್ನು ಕೈಯಿಂದ ಮುಟ್ಟಿ ನೋಡುವ ತಪಾಸಣೆಯೂ ಅದಾಗಿತ್ತು.

7. ಸುಧಾರಣೆಯ ಕ್ರಮ ಮತ್ತು ಕಾಲ

ಕೈಯಲ್ಲಿ ಹಣ ಬಂದಾಗ ಅನೇಕರು ನೆಲಕ್ಕೆ ಟೈಲ್ಸ್ ಮತ್ತು ಗೋಡೆಗೆ ಬಣ್ಣದಿಂದ ಆರಂಭಿಸುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ: ಮೊದಲು ನೀರಿನ ದಾರಿ, ನಂತರ ಛಾವಣಿ, ಆಮೇಲೆ ಗೋಡೆ, ವಿದ್ಯುತ್, ಕೊನೆಗೆ ನೆಲ ಮತ್ತು ಬಣ್ಣ. ಸೋರುವ ಛಾವಣಿಯ ಕೆಳಗೆ ಹಾಕಿದ ಟೈಲ್ಸ್ ಸಾಲವನ್ನಷ್ಟೇ ಉಳಿಸುತ್ತದೆ.

ಕಬ್ಬಿನ ಬಿಲ್ಲಾಗಲಿ, ತಂಬಾಕಿನ ಹಣವಾಗಲಿ ಕೈಗೆ ಬರುವ ತಿಂಗಳನ್ನು ನೋಡಿ ಕೆಲಸವನ್ನು ಹಂಚಿಕೊಳ್ಳಬೇಕು. ಜನವರಿ–ಫೆಬ್ರುವರಿಯಲ್ಲಿ ಅಳತೆ ಮತ್ತು ಅಂದಾಜು. ಮಾರ್ಚ್‌ನಲ್ಲಿ ಸಾಮಗ್ರಿ ಮತ್ತು ಗೌಂಡಿಯ ನಿಗದಿ. ಏಪ್ರಿಲ್‌ನಿಂದ ಮೇ ಮಧ್ಯದವರೆಗೆ ಕೆಲಸ. ಅಂದಾಜಿಗೆ ಶೇ. 10ರಷ್ಟು ಹೆಚ್ಚುವರಿ ಹಣ ಸೇರಿಸಿಟ್ಟುಕೊಳ್ಳಬೇಕು. ಸಿಮೆಂಟ್ ಕೆಲಸಕ್ಕೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಬೇಸಿಗೆಯಲ್ಲಿ ಬಾವಿ ಬತ್ತುವ ಊರುಗಳಲ್ಲಿ ಈ ನೀರಿನ ವ್ಯವಸ್ಥೆಯೂ ಅಂದಾಜಿನಲ್ಲಿರಬೇಕು.

ಒಂದು ನಿಯಮಕ್ಕೆ ವಿನಾಯಿತಿ ಇಲ್ಲ: ಹೊಸ ಛಾವಣಿಯ ಸಾಮಗ್ರಿ ಅಂಗಳಕ್ಕೆ ಬರುವವರೆಗೆ ಹಳೆಯ ಛಾವಣಿ ಬಿಚ್ಚಬಾರದು. ಛಾವಣಿ ಕಳೆದ ಗೋಡೆಯ ತಲೆಯನ್ನು ಹಿಡಿದಿಡುವ ತೊಲೆ ಇರುವುದಿಲ್ಲ. ಮಳೆ ನೇರವಾಗಿ ಅದರೊಳಗೆ ಇಳಿಯುತ್ತದೆ. ಬಿಚ್ಚಿದ ಮನೆಯ ಒಂಟಿ ಗೋಡೆಯ ಪಕ್ಕದಲ್ಲಿ ಕುಟುಂಬ ವಾಸಿಸುವುದಾಗಲಿ, ಮಕ್ಕಳು ಆಡುವುದಾಗಲಿ, ದನ ಕಟ್ಟುವುದಾಗಲಿ ಕೂಡದು. ಮೇ ಮಧ್ಯದೊಳಗೆ ಆರಂಭವಾಗದ ಛಾವಣಿ ಕೆಲಸವನ್ನು ಮುಂದಿನ ಬೇಸಿಗೆಗೆ ಇಡುವುದೇ ಜಾಣತನ.

8. ಪ್ರವಾಹ ಇಳಿದ ಮೇಲೆ

ನದಿ ತೀರದ ಗ್ರಾಮಗಳಲ್ಲಿ ನೀರು ಇಳಿದ ಕೂಡಲೇ ಮನೆಗೆ ಮರಳುವ ಆತುರ ಸಹಜ. ಆದರೆ ಗೋಡೆಗೆ ಹೊರಗಿನಿಂದ ಒತ್ತಾಗಿ ನಿಂತಿದ್ದ ನೀರು ಸರಿದು, ಒಳಗಿನ ಮಣ್ಣು ಇನ್ನೂ ನೆನೆದೇ ಇರುವ ಆ ದಿನಗಳೇ ಹೆಚ್ಚು ಅಪಾಯಕಾರಿ. ಮೊದಲು ವಿದ್ಯುತ್ ಕಡಿತ, ನಂತರ ಹೊರಗಿನಿಂದ ಗೋಡೆಯ ವೀಕ್ಷಣೆ, ಆಮೇಲೆ ಬಾಗಿಲು ಕಿಟಕಿ ತೆರೆದು ಒಣಗಿಸುವುದು. ಹಗಲಿನಲ್ಲಿ ಮಾತ್ರ ಪ್ರವೇಶ. ತುರ್ತು ಸಂದರ್ಭದಲ್ಲಿ ಜಿಲ್ಲಾ ಸಹಾಯವಾಣಿ 1077ಕ್ಕೆ ಕರೆ ಮಾಡಬಹುದು.

9. ಗ್ರಾಮ ಪಂಚಾಯತಿಯ ಪಾತ್ರ

ಮಾರ್ಚ್ ತಿಂಗಳೊಳಗೆ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಮಣ್ಣಿನ ಗೋಡೆಯ ಮನೆಗಳ ಪಟ್ಟಿಯನ್ನು ಮೂರು ಭಾಗವಾಗಿ ಮಾಡತಕ್ಕದ್ದು: ವಾಸಕ್ಕೆ ಯೋಗ್ಯ, ಮಳೆಗೆ ಮುನ್ನ ದುರಸ್ತಿ ಅಗತ್ಯ, ಮಳೆಗಾಲದಲ್ಲಿ ವಾಸಿಸಬಾರದು. ವೃದ್ಧರು, ಒಂಟಿ ಮಹಿಳೆಯರು ಮತ್ತು ಅಂಗವಿಕಲರ ಮನೆಗಳನ್ನು ಮೊದಲು ನೋಡಬೇಕು. ಮಾಳಿಗೆ ಹತ್ತಿ ಗುಂಡಿ ಮುಚ್ಚಲು ಅವರ ಮನೆಯಲ್ಲಿ ಕೈಗಳಿರುವುದಿಲ್ಲ. ಮೂರನೆಯ ಪಟ್ಟಿಯ ಕುಟುಂಬಗಳು ಮಳೆಯ ರಾತ್ರಿ ಎಲ್ಲಿ ಮಲಗುತ್ತವೆ ಎಂಬುದನ್ನು, ಶಾಲೆಯೋ ಸಮುದಾಯ ಭವನವೋ, ಹೆಸರು ಸಹಿತ ಮೊದಲೇ ನಿರ್ಧರಿಸಿರಬೇಕು.

ಪ್ರತಿ ಮನೆಯ ದಿನಾಂಕ ಸಹಿತ ಛಾಯಾಚಿತ್ರ ಪಂಚಾಯತಿಯಲ್ಲಿರಲಿ. ಹಾನಿ ಶೇ. 15ರ ಮೇಲಿದೆಯೋ ಕೆಳಗಿದೆಯೋ ಎಂಬ ಪ್ರಶ್ನೆ ಬಂದಾಗ, ಹಾನಿಗೆ ಮುಂಚಿನ ಚಿತ್ರ ಕುಟುಂಬದ ಪರವಾಗಿ ಮಾತನಾಡುತ್ತದೆ. ಆಸ್ತಿ ದಾಖಲೆ ಸರಿಯಿಲ್ಲದ ಮನೆಗಳಿಗೆ ಇ-ಸ್ವತ್ತು ನಮೂನೆಗಳನ್ನು ಬೇಸಿಗೆಯಲ್ಲಿಯೇ ಸರಿಪಡಿಸುವುದು ಉತ್ತಮ. ಹೊಸ ಕಟ್ಟಡಕ್ಕೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಂತೆ ಅನುಮತಿ ಕೋರಿ ಅರ್ಜಿ ಬಂದಾಗ, ಹಳೆಯ ಮನೆ ಕೆಡವುವ ಕ್ರಮ ಮತ್ತು ಆ ಅವಧಿಯ ವಾಸದ ವ್ಯವಸ್ಥೆಯನ್ನು ವಿಚಾರಿಸಲು ಅದೇ ತಕ್ಕ ಸಮಯ.

ಮಳೆಯನ್ನು ತಡೆಯುವುದು ಪಂಚಾಯತಿಯ ಕೈಯಲ್ಲಿಲ್ಲ. ಬಿದ್ದ ನೀರು ಯಾವ ಗೋಡೆಯ ಬುಡದಲ್ಲಿ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಅದರ ಕೈಯಲ್ಲಿದೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ರಸ್ತೆಗಿಂತ ತಗ್ಗಿನಲ್ಲಿರುವ ಹೊಸ್ತಿಲುಗಳು ಎಷ್ಟು? ಅವುಗಳಲ್ಲಿ ಯಾವುವು ರಸ್ತೆ ಕಾಮಗಾರಿಯ ನಂತರ ತಗ್ಗಾದವು?
2. ಈ ವರ್ಷದ ಕ್ರಿಯಾಯೋಜನೆಯಲ್ಲಿರುವ ರಸ್ತೆ ಮತ್ತು ಗಟಾರ ಕಾಮಗಾರಿಗಳ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ?
3. ಮಳೆಗಾಲದಲ್ಲಿ ವಾಸಿಸಬಾರದೆಂದು ಗುರುತಿಸಿದ ಮನೆಯವರು ಹೊರಬರಲು ಒಪ್ಪದಿದ್ದರೆ, ಅವರ ಮನವೊಲಿಸಲು ಊರಿನಲ್ಲಿ ಯಾರ ಮಾತು ನಡೆಯುತ್ತದೆ?