ಜೋಡಿಸಿದ ಅನ್ನನಾಳ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ಯಾವ ಕೆರೆಯ ದಂಡೆಯಲ್ಲಿ ನಿಂತರೂ ಒಂದು ದೃಶ್ಯವನ್ನು ಕಾಣಬಹುದು. ಎಮ್ಮೆಯು ತಲೆ ತಗ್ಗಿಸಿ ನೀರು ಕುಡಿಯುತ್ತದೆ. ಬಾಯಿ ಕೆಳಗೆ, ಹೊಟ್ಟೆ ಮೇಲೆ. ನೀರು ತಗ್ಗಿಗೆ ಹರಿಯುವುದೆಂದು ಕಲಿತ ನಾವು, ಇಲ್ಲಿ ಅದು ಮೇಲಕ್ಕೆ ಏರುವುದು ಹೇಗೆಂದು ಕೇಳಿಕೊಳ್ಳಬೇಕು.

ಉತ್ತರವು ಅನ್ನನಾಳದಲ್ಲಿದೆ. ಅದು ಬರಿಯ ಕೊಳವೆಯಲ್ಲ, ಸ್ನಾಯುಗಳಿಂದಾದ ಪಂಪು. ತುತ್ತಿನ ಹಿಂದಣ ಭಾಗ ಸಂಕುಚಿತವಾಗುತ್ತದೆ, ಮುಂದಣ ಭಾಗ ಸಡಿಲುತ್ತದೆ; ಈ ಸಂಕೋಚನವು ಅಲೆಯಂತೆ ಸಾಗಿ ತುತ್ತನ್ನು ಜಠರಕ್ಕೆ ತಳ್ಳುತ್ತದೆ. ವಯಸ್ಕರಲ್ಲಿ ಸುಮಾರು 25 ಸೆಂ.ಮೀ. ಉದ್ದದ ಈ ದಾರಿಯನ್ನು ಅಲೆಯು ಸೆಕೆಂಡಿಗೆ ಸುಮಾರು 3 ಸೆಂ.ಮೀ. ವೇಗದಿಂದ, ಎಂದರೆ ಎಂಟು ಸೆಕೆಂಡುಗಳ ಆಸುಪಾಸಿನಲ್ಲಿ, ಕ್ರಮಿಸುತ್ತದೆ.

ಈ ಪಂಪು ಹುಟ್ಟುವಾಗಲೇ ತುಂಡಾಗಿದ್ದರೆ ಏನಾಗುವುದು? ಗರ್ಭದ ನಾಲ್ಕು, ಐದನೆಯ ವಾರಗಳಲ್ಲಿ ಒಂದೇ ಮೂಲನಾಳವು ವಿಭಾಗವಾಗಿ ಅನ್ನನಾಳ ಮತ್ತು ಶ್ವಾಸನಾಳಗಳು ಬೇರೆಯಾಗುತ್ತವೆ. ಸುಮಾರು 3,000ದಿಂದ 4,000 ಜನನಗಳಲ್ಲಿ ಒಂದರಂತೆ ಈ ವಿಭಜನೆ ಕೆಡುತ್ತದೆ. ಆಗ ಅನ್ನನಾಳದ ಮೇಲಿನ ತುಂಡು ಕುರುಡು ಚೀಲದಂತೆ ಮುಚ್ಚಿಕೊಳ್ಳುತ್ತದೆ. ಇಂಥ ನೂರು ಶಿಶುಗಳ ಪೈಕಿ ಸುಮಾರು 85ರಲ್ಲಿ ಕೆಳಗಿನ ತುಂಡು ಶ್ವಾಸನಾಳಕ್ಕೆ ತೆರೆದುಕೊಂಡಿರುತ್ತದೆ. ಶಿಶುವಿನ ಬಾಯಲ್ಲಿ ನೊರೆ ತುಂಬುತ್ತದೆ. ಹಾಲೂಡಿಸಿದರೆ ಕೆಮ್ಮಿ ನೀಲಿಗಟ್ಟುತ್ತದೆ.

ಈ ದೋಷವನ್ನು 1670ರಲ್ಲಿ ವಿಲಿಯಂ ಡರ್ಸ್ಟನ್ ಎಂಬ ಆಂಗ್ಲ ವೈದ್ಯನು ಮೊದಲು ವರ್ಣಿಸಿದನು. ಎರಡು ತುಂಡುಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿ ಶಿಶುವನ್ನು ಉಳಿಸಲು 1941ರವರೆಗೆ ಕಾಯಬೇಕಾಯಿತು. ಅಮೆರಿಕದ ಕ್ಯಾಮೆರಾನ್ ಹೇಟ್ ಅದನ್ನು ಸಾಧಿಸಿದರು. ಇಂದು ಸುಸಜ್ಜಿತ ಆಸ್ಪತ್ರೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಶಿಶುಗಳು ಬದುಕುತ್ತವೆ. ಆದುದರಿಂದ ಹಿಂದೆ ಇಲ್ಲದ ಒಂದು ವರ್ಗವು ಈಗ ಹೈಸ್ಕೂಲು, ಕಾಲೇಜುಗಳಿಗೆ ಬಂದಿದೆ. ಅಂಥವರೊಬ್ಬರು ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತಿರಬಹುದು. ಅವರಲ್ಲಿ ಬಹುಮಂದಿ ಎಲ್ಲರಂತೆ ಓದುತ್ತಾರೆ, ಆಡುತ್ತಾರೆ. ಆದರೆ ಕೊಳವೆ ಕೂಡಿದ ಮಾತ್ರಕ್ಕೆ ಪಂಪು ಸರಿಯಾಯಿತೆಂದು ಭಾವಿಸಬಾರದು. ಆ ನಾಳದ ನರಗಳೂ ಸ್ನಾಯುಗಳೂ ಮೊದಲಿನಿಂದಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಸಂಕೋಚನದ ಅಲೆಯು ದುರ್ಬಲವಾಗಿರುತ್ತದೆ, ಇಲ್ಲವೇ ನಡುವೆ ಮುರಿಯುತ್ತದೆ. ಇದರ ಪರಿಣಾಮಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಸಾಗಣೆ. ಅಲೆಯು ಸೋತಲ್ಲಿ ಗುರುತ್ವಾಕರ್ಷಣವೇ ನೆರವಾಗಬೇಕು. 25 ಸೆಂ.ಮೀ. ಎತ್ತರದ ನೀರಿನ ಕಂಬದ ಒತ್ತಡವು ಸುಮಾರು 18 ಮಿ.ಮೀ. ಪಾದರಸದಷ್ಟು. ನೇರವಾಗಿ ಕುಳಿತು, ತುತ್ತಿನ ನಡುವೆ ನೀರು ಕುಡಿದರೆ ಈ ಒತ್ತಡದ ಲಾಭ ದೊರೆಯುತ್ತದೆ, ಮಲಗಿದರೆ ದೊರೆಯದು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕಡೆಯ ರೂಢಿ. ಜೋಡಿಸಿದ ಅನ್ನನಾಳಕ್ಕೆ ಅದು ಸಲ್ಲದು. ಒಣ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಸಣ್ಣ ತುತ್ತು ಮಾಡಿ, ಚೆನ್ನಾಗಿ ಅಗಿದು ಉಣ್ಣಬೇಕು.

ಎರಡನೆಯದು, ಇಕ್ಕಟ್ಟು. ಹೊಲಿಗೆ ಹಾಕಿದ ಸ್ಥಳದಲ್ಲಿ ಗಾಯದ ಕಲೆಯು ಬಿಗಿದು ದಾರಿ ಕಿರಿದಾಗಬಹುದು. ಗಡಸು ಕೊಳವೆಯೊಂದರ ವ್ಯಾಸ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಂದು ಪ್ವಾಸೆಯ್ ನಿಯಮ ಹೇಳುತ್ತದೆ. ಅನ್ನನಾಳವು ಮೆದುವಾದುದರಿಂದ ಲೆಕ್ಕವು ಕರಾರುವಾಕ್ಕಾಗಿ ಹೊಂದದು. ಆದರೂ ಅಲ್ಪ ಇಕ್ಕಟ್ಟೂ ಅಲ್ಪವಲ್ಲವೆಂಬುದು ತಿಳಿಯುತ್ತದೆ. ವೈದ್ಯರು ಎಂಡೋಸ್ಕೋಪಿನ ನೆರವಿನಿಂದ ಈ ದಾರಿಯನ್ನು ಹಿಗ್ಗಿಸಬಲ್ಲರು.

ಮೂರನೆಯದು, ಆಮ್ಲ. ಜಠರದ ಆಮ್ಲವು ಎಲ್ಲರಲ್ಲಿಯೂ ಆಗಾಗ ಮೇಲಕ್ಕೆ ಬರುತ್ತದೆ. ಸ್ವಸ್ಥ ಅನ್ನನಾಳವು ಅದನ್ನು ಕೂಡಲೇ ಕೆಳಗೆ ತಳ್ಳುತ್ತದೆ. ದುರ್ಬಲ ಅನ್ನನಾಳದಲ್ಲಿ, ವಿಶೇಷವಾಗಿ ರಾತ್ರಿ ಮಲಗಿದಾಗ, ಅದು ಬಹಳ ಹೊತ್ತು ನಿಂತು ಒಳಪೊರೆಯನ್ನು ಸುಡುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಪೊರೆಯ ಸ್ವರೂಪವೇ ಬದಲಾಗಬಹುದು. ಇದಕ್ಕೆ ಬ್ಯಾರೆಟ್ ಅನ್ನನಾಳವೆಂದು ಹೆಸರು. ಅಂಥ ಪೊರೆಯಲ್ಲಿ ಮುಂದೆ ಅರ್ಬುದ ರೋಗದ ಸಂಭವ ಹೆಚ್ಚು.

ಇವಲ್ಲದೆ, ಶ್ವಾಸನಾಳದ ಗೋಡೆಯು ಮೆತ್ತಗಿರುವುದರಿಂದ ಕೆಲವರಿಗೆ ಕಂಚಿನ ಪಾತ್ರೆ ಬಡಿದಂಥ ಒರಟು ಕೆಮ್ಮು ಉಳಿಯುತ್ತದೆ. ಎದೆಯ ಸೋಂಕುಗಳು ಮರುಕಳಿಸುತ್ತವೆ. ಹದಿವಯಸ್ಸಿನಲ್ಲಿ ಮೈ ವೇಗವಾಗಿ ಬೆಳೆಯುವಾಗ ಬೆನ್ನುಮೂಳೆ ಒಂದು ಕಡೆಗೆ ಬಾಗುವುದೂ ಉಂಟು.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ತೊಂದರೆ ಕಾಣದಿದ್ದ ಮಾತ್ರಕ್ಕೆ ಹಾನಿಯಿಲ್ಲವೆಂದು ಹೇಳಲಾಗದು. ಬಾಲ್ಯದಿಂದಲೂ ನಿಧಾನವಾಗಿ ಉಂಡವರಿಗೆ ಅದೇ ಸಹಜವೆನಿಸಿರುತ್ತದೆ. ಆದುದರಿಂದಲೇ ಯೂರೋಪ್ ಮತ್ತು ಉತ್ತರ ಅಮೆರಿಕದ ತಜ್ಞ ಸಂಘಗಳು 2016ರಲ್ಲಿ, ದೂರು ಇರಲಿ ಇಲ್ಲದಿರಲಿ, ಮೂರು ಬಾರಿ ಎಂಡೋಸ್ಕೋಪಿ ಪರೀಕ್ಷೆ ಆಗಬೇಕೆಂದು ಸಲಹೆಯಿತ್ತವು: ಆಮ್ಲ ತಗ್ಗಿಸುವ ಔಷಧ ನಿಲ್ಲಿಸಿದ ಮೇಲೆ, ಹತ್ತು ವರ್ಷ ತುಂಬುವುದರೊಳಗೆ, ಮತ್ತು ಪ್ರಾಯಕ್ಕೆ ಕಾಲಿಡುವಾಗ. ಈ ಮೂರನೆಯ ಪರೀಕ್ಷೆಯೇ ತಪ್ಪಿಹೋಗುವ ಭಯ ಹೆಚ್ಚು. ಮಕ್ಕಳ ವೈದ್ಯರ ಆರೈಕೆ ಮುಗಿದಿರುತ್ತದೆ. ವಿದ್ಯಾರ್ಥಿಯು ಊರು ಬಿಟ್ಟು ಹಾಸ್ಟೆಲು ಸೇರಿರುತ್ತಾನೆ. ಶಸ್ತ್ರಚಿಕಿತ್ಸೆಯ ಕಾಗದಗಳು ಮನೆಯ ಟ್ರಂಕಿನಲ್ಲಿ ಉಳಿದಿರುತ್ತವೆ.

ನಮ್ಮ ವಿಜಯನಗರ ಜಿಲ್ಲೆಯ ಹಳ್ಳಿಗಳಿಂದ ಇಂಥ ತಜ್ಞರಿರುವ ನಗರಗಳು ದೂರವೆಂಬುದು ನಿಜ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಎದೆಯ ಬಲಪಕ್ಕದಲ್ಲಿ ಹಳೆಯ ಹೊಲಿಗೆಯ ಗುರುತಿರುವ ವಿದ್ಯಾರ್ಥಿಯು ತಾಯಿತಂದೆಯರನ್ನು ಕೇಳಿ ಅದರ ಚರಿತ್ರೆಯನ್ನು ತಿಳಿದು, ಆ ವೈದ್ಯರಿಗೆ ಹೇಳಬೇಕು. ತುತ್ತು ಸಿಕ್ಕಿಕೊಂಡು ಎಂಜಲನ್ನೂ ನುಂಗಲಾಗದಿದ್ದರೆ, ಅದರ ಮೇಲೆ ಇನ್ನೊಂದು ತುತ್ತನ್ನು ತಳ್ಳದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಳಿದ ನಮ್ಮ ಪಾಲಿಗೂ ಕರ್ತವ್ಯವೊಂದಿದೆ. ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೂ ಒಬ್ಬನು ಇನ್ನೂ ಉಣ್ಣುತ್ತಿದ್ದರೆ, ಪದೇ ಪದೇ ನೀರು ಕುಡಿಯುತ್ತಿದ್ದರೆ, ಅವನನ್ನು ನೋಡಿ ನಗಬಾರದು. ನಮಗೆ ಎಂಟು ಸೆಕೆಂಡುಗಳಲ್ಲಿ ತಾನಾಗಿಯೇ ನಡೆಯುವ ಕೆಲಸವನ್ನು ಅವನು ಪ್ರತಿ ತುತ್ತಿನಲ್ಲಿಯೂ ಗಮನವಿಟ್ಟು ಮಾಡುತ್ತಿರಬಹುದು. ಅವನ ಊಟ ಮುಗಿಯುವವರೆಗೆ ಜೊತೆಗೆ ಕುಳಿತಿರುವುದು ನಮ್ಮಿಂದ ಆಗದ ಕೆಲಸವೇನಲ್ಲ.