ಪೂಜೆ ನಡೆಯುವ ಮನೆಗೆ ನಾಯಿಮರಿ ತರಬಹುದೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ನಾನು, ಯಜಮಾನರು, ಇಬ್ಬರು ಮಕ್ಕಳು ಮತ್ತು 74 ವರ್ಷದ ಅತ್ತೆಯವರು. ಮನೆಯಲ್ಲಿ ನಿತ್ಯಪೂಜೆ ಇದೆ, ವರ್ಷಕ್ಕೊಮ್ಮೆ ಮಾವನವರ ಶ್ರಾದ್ಧ ನಡೆಯುತ್ತದೆ. ಬಿಟ್ಟುಹೋದ ನಾಯಿಗಳನ್ನು ಸಾಕುವ ಒಂದು ಆಶ್ರಯದಲ್ಲಿ ನಾಲ್ಕು ತಿಂಗಳ ಗ್ರೇಟ್ ಡೇನ್ ಮರಿ ಇದೆ. ಒಂದು ಮನೆಯವರು ಅದನ್ನು ಕರೆದೊಯ್ದು, ಇಪ್ಪತ್ತು ದಿನ ಇಟ್ಟುಕೊಂಡು, ಇಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ ಎಂದು ವಾಪಸ್ ತಂದುಬಿಟ್ಟರಂತೆ. ಅದನ್ನೇ ತರಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ನಾಯಿ ಇರುವ ಮನೆಯಲ್ಲಿ ದೇವರು ನಿಲ್ಲೋದಿಲ್ಲ ಅಂತ ಅತ್ತೆಯವರು. ಯಜಮಾನರ ಜಾತಕ ನೋಡಿದವರು ಕೇತುದೋಷಕ್ಕೆ ನಾಯಿ ಸಾಕಿ ಅಂದಿದ್ದಾರೆ. ಯಾರ ಮಾತು ಕೇಳೋಣ? ತರುವುದಾದರೆ ಮುಹೂರ್ತ, ಶಾಂತಿ ಏನಾದರೂ ಬೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇವೆ. ಆದರೆ ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ, ಅದೇ ಮುಖ್ಯವಾದದ್ದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಅತ್ತೆಯವರ ಮಾತನ್ನು ನೋಡೋಣ.

ಅವರ ಮಾತು ಸುಮ್ಮನೆ ಹುಟ್ಟಿದ್ದಲ್ಲ. ನಾಯಿ ಮುಟ್ಟಿದರೆ ಉಟ್ಟ ಬಟ್ಟೆಯ ಸಮೇತ ಸ್ನಾನ ಮಾಡಬೇಕೆಂದು ಆಪಸ್ತಂಬ ಧರ್ಮಸೂತ್ರದಲ್ಲೇ ಇದೆ. ಆದರೆ ಅದರ ಬೆನ್ನಿಗೇ ಇನ್ನೊಂದು ದಾರಿಯನ್ನೂ ಸೂತ್ರಕಾರರು ಕೊಟ್ಟಿದ್ದಾರೆ. ಮುಟ್ಟಿದ ಜಾಗವನ್ನು ತೊಳೆದು, ಬೆಂಕಿ ಸೋಕಿಸಿ, ಮತ್ತೆ ತೊಳೆದು, ಕಾಲು ತೊಳೆದುಕೊಂಡು ಆಚಮನ ಮಾಡಿದರೂ ಶುದ್ಧಿಯೇ. ಇದರ ಅರ್ಥ ಏನು? ಮನುಷ್ಯನ ಸುತ್ತಮುತ್ತ ನಾಯಿ ಇದ್ದೇ ಇರುತ್ತದೆ, ಮುಟ್ಟಿಯೇ ಮುಟ್ಟುತ್ತದೆ ಎಂಬುದು ಋಷಿಗಳಿಗೆ ಗೊತ್ತಿತ್ತು. ಅದಕ್ಕೇ ಶುದ್ಧಿಯ ಕ್ರಮ ಹೇಳಿದರು.

ಮಡಿ ಎನ್ನುವುದು ಕರ್ಮಕ್ಕೆ ಬೇಕಾದ ಯೋಗ್ಯತೆಯ ಮಾತು. ಸ್ನಾನ ಮಾಡದ ಮಗನನ್ನೂ ಮಡಿಯಲ್ಲಿರುವ ತಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಹಾಗಂತ ಮಗನನ್ನು ಮನೆಯಿಂದ ಆಚೆ ಹಾಕುತ್ತಾಳೆಯೇ? ನಾಯಿಯ ವಿಷಯವೂ ಹೀಗೆಯೇ. ಪೂಜೆಯ ಹೊತ್ತಿಗೆ ದೂರ ಇರಲಿ ಅನ್ನುವುದು ಬೇರೆ, ಮನೆಗೇ ಬೇಡ ಅನ್ನುವುದು ಬೇರೆ.

ಮಹಾಭಾರತವನ್ನೇ ನೋಡಿ. ಆದಿಪರ್ವದ ಪೌಷ್ಯಪರ್ವ ಶುರುವಾಗುವುದೇ ಒಂದು ನಾಯಿಮರಿಯಿಂದ. ಕುರುಕ್ಷೇತ್ರದಲ್ಲಿ ಜನಮೇಜಯ ಸತ್ರಯಾಗ ಮಾಡುತ್ತಿದ್ದಾಗ ದೇವಲೋಕದ ನಾಯಿ ಸರಮೆಯ ಮರಿ ಅಲ್ಲಿಗೆ ಬಂತು. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟಿದರು. ಮರಿ ಅಳುತ್ತಾ ತಾಯಿಯ ಹತ್ತಿರ ಹೋಗಿ, ನಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದಿತು. ಸರಮೆ ಯಾಗಶಾಲೆಗೇ ಬಂದು, ತಪ್ಪಿಲ್ಲದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳಿದಳು. ಯಾರ ಬಾಯಿಂದಲೂ ಉತ್ತರ ಬರಲಿಲ್ಲ. ಕಾಣದ ಭಯ ನಿಮಗೆ ಬರಲಿ ಎಂದು ಶಪಿಸಿ ಹೋದಳು. ಆ ಶಾಪವನ್ನು ಕಳೆದುಕೊಳ್ಳಲು ಜನಮೇಜಯ ತಕ್ಕ ಪುರೋಹಿತನನ್ನು ಹುಡುಕಿಕೊಂಡು ಹೋಗಬೇಕಾಯಿತು. ಯಾಗದ ಹತ್ತಿರ ನಾಯಿ ಬಂದದ್ದಕ್ಕೆ ಶಾಪ ಬರಲಿಲ್ಲ, ತಪ್ಪಿಲ್ಲದ ಮರಿಯನ್ನು ಹೊಡೆದದ್ದಕ್ಕೆ ಬಂತು. ಇದನ್ನು ಅತ್ತೆಯವರಿಗೆ ಸಮಾಧಾನವಾಗಿ ಹೇಳಿ.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಶಾಸನ ಸಿಕ್ಕಿದೆ. ಗಂಗರ ಬೂತುಗನ ವೀರ ಮಣಲೆರ. ಅವನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಒಡೆಯನಿಂದ ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಎದುರಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಅರ್ಚಕ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಎಂದೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯ ದಿನ ಮಕ್ಕಳ ಜೊತೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ ತೋರಿಸಿ.

ಈಗ ಮನೆಯೊಳಗಿನ ವ್ಯವಸ್ಥೆ. ದೇವರ ಕೋಣೆಗೆ ಮತ್ತು ಅಡುಗೆಮನೆಗೆ ಮರಿಗೆ ಮೊದಲ ದಿನದಿಂದಲೇ ಪ್ರವೇಶ ಬೇಡ. ಬಾಗಿಲಿಗೆ ಅಡ್ಡಗೇಟು ಹಾಕಿಸಿ. ಗ್ರೇಟ್ ಡೇನ್ ಬೆಳೆದ ಮೇಲೆ ಎರಡೂವರೆ ಅಡಿ ಎತ್ತರ ನಿಲ್ಲುತ್ತದೆ. ಮಂಟಪದ ಮುಂದಿನ ನೈವೇದ್ಯದ ತಟ್ಟೆ ಅದರ ಮೂತಿಗೆ ಸಲೀಸಾಗಿ ಸಿಗುತ್ತದೆ. ಚಿಕ್ಕದರಲ್ಲಿ ಮುದ್ದಿಗೆ ಬಿಟ್ಟುಕೊಂಡು ದೊಡ್ಡದಾದ ಮೇಲೆ ಗದರಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಪೂಜೆ ಮಾಡುವವರು ಸ್ನಾನದ ನಂತರ ಪೂಜೆ ಮುಗಿಯುವ ತನಕ ಅದನ್ನು ಮುಟ್ಟದಿದ್ದರೆ ಸಾಕು. ಅಕಸ್ಮಾತ್ ಬಂದು ಮುಟ್ಟಿತೋ, ಮೇಲೆ ಹೇಳಿದ ಕ್ರಮದಲ್ಲಿ ಶುದ್ಧಿ ಮಾಡಿಕೊಂಡು ಮುಂದುವರಿಸಿ. ಅದಕ್ಕೆ ಮರಿಯನ್ನು ಬೈಯಬೇಡಿ.

ಶ್ರಾದ್ಧದ ದಿನ ಮಾತ್ರ ನಿಯಮ ಗಟ್ಟಿ. ನಿಮಂತ್ರಿತ ಬ್ರಾಹ್ಮಣರು ಊಟ ಮಾಡುವಾಗ ನಾಯಿಯ ದೃಷ್ಟಿ ಬೀಳಬಾರದೆಂದು ಮನುಸ್ಮೃತಿಯ ಮೂರನೇ ಅಧ್ಯಾಯದಲ್ಲಿದೆ. ಆ ದಿನ ಬೆಳಗ್ಗೆಯಿಂದ ಮರಿಯನ್ನು ಪರಿಚಯದವರ ಮನೆಯಲ್ಲಿ ಬಿಡಿ, ಇಲ್ಲವೇ ಬೇರೆ ಕೋಣೆಯಲ್ಲಿ ಮಗಳ ಜೊತೆ ಇರಿಸಿ. ಇನ್ನೊಂದು ವಿಷಯವೂ ನೆನಪಿರಲಿ. ಗೃಹಸ್ಥನು ನಿತ್ಯವೂ ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ನೆಲದ ಮೇಲೆ ಅನ್ನದ ಪಾಲು ಇಡಬೇಕೆಂದು ಹೇಳಿರುವುದೂ ಅದೇ ಅಧ್ಯಾಯವೇ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸರಿಯಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಸಸ್ಯಾಹಾರಿ ಮನೆಗಳಲ್ಲಿ ಜಗಳ ಶುರುವಾಗುವುದೇ ಇಲ್ಲಿಂದ. ದೊಡ್ಡ ಜಾತಿಯ ಮರಿ ಮೊದಲ ವರ್ಷ ಬಹಳ ಬೇಗ ಬೆಳೆಯುತ್ತದೆ. ಬರೀ ಮೊಸರನ್ನ ಹಾಕಿ ಸಾಕಿದರೆ ಮೂಳೆ ಕೆಡುತ್ತದೆ. ಶಕ್ತಿ ಬರಲಿ ಅಂತ ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಕೊಟ್ಟರೂ ಕೆಡುತ್ತದೆ. ಪಶುವೈದ್ಯರು ಹೇಳಿದ ಆಹಾರವನ್ನೇ ಹಾಕಿ. ಅದರ ತಟ್ಟೆ, ಡಬ್ಬಿ ಎಲ್ಲ ಬಾಲ್ಕನಿಯಲ್ಲಿರಲಿ, ಅಡುಗೆಮನೆಯ ಪಾತ್ರೆಗೆ ಸೇರುವುದು ಬೇಡ. ನಿಮ್ಮ ಏಕಾದಶಿ ನಿಮಗೆ, ಅದಕ್ಕಲ್ಲ. ಪ್ರಸಾದ ಕೊಡುವಾಗಲೂ ಎಚ್ಚರ ಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಪಾಯಸ, ಕೇಸರಿಬಾತಿನಲ್ಲಿ ಅದು ಇದ್ದೇ ಇರುತ್ತದಲ್ಲ! ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟ್ ಕೂಡ ಆಗದು. ಮಂಗಳಾರತಿಯ ಕರ್ಪೂರ ಬಾಯಿಗೆ ಸಿಗದ ಹಾಗೆ ಡಬ್ಬಿಯಲ್ಲಿಡಿ. ನೆಲದ ಮೇಲೆ ದೀಪ ಇಡುವ ಅಭ್ಯಾಸವಿದ್ದರೆ ಎತ್ತರಕ್ಕೆ ಬದಲಾಯಿಸಿ; ಆ ಗಾತ್ರದ ನಾಯಿಯ ಬಾಲ ಒಂದು ಸಲ ಬೀಸಿದರೆ ಸಾಕು.

ಇನ್ನು ಜಾತಕದ ಮಾತು. ಕಾಲಭೈರವನ ವಾಹನ ನಾಯಿ, ದತ್ತಾತ್ರೇಯರ ಪಟದಲ್ಲಿ ನಾಲ್ಕು ನಾಯಿಗಳನ್ನು ನೋಡುತ್ತೇವೆ. ಕೇತುವಿಗೂ ನಾಯಿಗೂ ನಂಟು ಹೇಳುವ ರೂಢಿಯೂ ಇದೆ. ಆದರೂ ಪರಿಹಾರಕ್ಕಾಗಿ ಅಂತ ದಯವಿಟ್ಟು ನಾಯಿ ತರಬೇಡಿ. ಯಂತ್ರ ತಂದು ಗೋಡೆಗೆ ಹಾಕಿದ ಹಾಗಲ್ಲ ಅದು. ದಶೆ ಮುಗಿದ ದಿನ, ಅಥವಾ ಅಂದುಕೊಂಡ ಫಲ ಸಿಗದ ದಿನ, ಅದರ ಮೇಲೆ ಬೇಸರ ಹುಟ್ಟುತ್ತದೆ. ಕೇತುವಿಗೆ ಪರಿಹಾರ ಬೇಕಿದ್ದರೆ ಗಣಪತಿಯ ಪೂಜೆ ಮಾಡಿ, ಹುರುಳಿ ದಾನ ಕೊಡಿ. ಮರಿಯನ್ನು ಮರಿಯಾಗಿಯೇ ತನ್ನಿ.

ಮುಹೂರ್ತಗ್ರಂಥಗಳಲ್ಲಿ ಗೋವು, ಕುದುರೆ, ಆನೆಗಳ ವಿಚಾರ ಬರುತ್ತದೆ. ನಾಯಿ ತರಲು ವಿಶೇಷ ಮುಹೂರ್ತ ಬೇಕಿಲ್ಲ. ಮನಸ್ಸಿಗೆ ಬೇಕೆನಿಸಿದರೆ ರಾಹುಕಾಲ ಬಿಟ್ಟು ತನ್ನಿ. ಅದಕ್ಕಿಂತ ಮುಖ್ಯ, ಮನೆಯವರೆಲ್ಲ ಎರಡು ಮೂರು ದಿನ ರಜೆಯಲ್ಲಿರುವ ಸಮಯ ನೋಡಿ. ದೀಪಾವಳಿಯ ಪಟಾಕಿಯ ದಿನಗಳು ಬೇಡ. ಎಲ್ಲಿಂದಲೋ ಬಂದ ಮರಿ ಅಂತ ಶಾಂತಿಹೋಮ ಬೇಕಿಲ್ಲ, ನಾಮಕರಣದ ಸಂಸ್ಕಾರವೂ ಇಲ್ಲ. ಪ್ರೀತಿಯಿಂದ ಕರೆಯುವ ಹೆಸರು ಸಾಕು. ದೇವರ ಹೆಸರು ಮಾತ್ರ ಇಡಬೇಡಿ, ದಿನಕ್ಕೆ ಹತ್ತು ಸಲ ಆ ಹೆಸರಿನಲ್ಲೇ ಗದರಬೇಕಾಗುತ್ತದೆ. ಶಾಂತಿಯ ದುಡ್ಡನ್ನು ಲಸಿಕೆಗೆ ಇಟ್ಟುಕೊಳ್ಳಿ. ರೇಬೀಸ್ ಲಸಿಕೆ ಆಗಿದೆಯೇ ಎಂದು ಆಶ್ರಯದವರಿಂದ ದಾಖಲೆ ಕೇಳಿ ಪಡೆಯಿರಿ, ಪಾಲಿಕೆಯ ಪರವಾನಗಿ ಮಾಡಿಸಿ.

ಈಗ ನೀವು ಕೇಳದ ಪ್ರಶ್ನೆಗೆ ಬರುತ್ತೇನೆ. ತಂದ ಮೇಲೆ ಕೊನೆಯ ತನಕ ಇಟ್ಟುಕೊಳ್ಳುತ್ತೀರಾ?

ಆ ಮರಿ ಒಮ್ಮೆ ಬೀದಿಗೆ ಬಿದ್ದಿದೆ, ಒಮ್ಮೆ ಮನೆಯಿಂದ ವಾಪಸಾಗಿದೆ. ಮೂರನೇ ಸಲ ಹಾಗಾಗಬಾರದು. ಮಹಾಭಾರತದ ಕೊನೆಗೆ ಧರ್ಮರಾಜ ಹಿಮಾಲಯ ದಾಟುತ್ತಾನೆ. ದ್ರೌಪದಿ, ತಮ್ಮಂದಿರು ಎಲ್ಲ ಬಿದ್ದುಹೋಗಿದ್ದಾರೆ. ಹಸ್ತಿನಾವತಿಯಿಂದ ಹಿಂದೆ ಬಂದ ನಾಯಿಯೊಂದೇ ಉಳಿದಿದೆ. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಹತ್ತು, ನಾಯಿ ಇಟ್ಟುಕೊಂಡವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎನ್ನುತ್ತಾನೆ. ನಿಮ್ಮ ಅತ್ತೆಯವರ ಮಾತೇ ಅದು! ಧರ್ಮರಾಜ ನಾಯಿ ಶುದ್ಧವೆಂದು ವಾದಿಸುವುದಿಲ್ಲ. ನಂಬಿ ಬಂದದ್ದನ್ನು ಕೈಬಿಡುವುದು ಬ್ರಹ್ಮಹತ್ಯೆಗೆ ಸಮಾನ, ಸ್ವರ್ಗ ಹೋದರೂ ಬಿಡೆ ಎನ್ನುತ್ತಾನೆ. ಆಗ ನಾಯಿಯ ರೂಪದಲ್ಲಿದ್ದ ಯಮಧರ್ಮ ನಿಜರೂಪ ತೋರಿಸುತ್ತಾನೆ.

ಆದ್ದರಿಂದ ದೋಷ ಇರುವುದು ನಾಯಿ ಬರುವುದರಲ್ಲಿ ಅಲ್ಲ, ಬಂದದ್ದನ್ನು ಕಳಿಸುವುದರಲ್ಲಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ತರುವ ಮೊದಲು ಎಲ್ಲರೂ ಕೂತು ಲೆಕ್ಕ ಹಾಕಿ. ಒಂದು ವರ್ಷದ ಹೊತ್ತಿಗೆ ಈ ಮರಿ 50 ಕೆ.ಜಿ. ಮುಟ್ಟಬಹುದು. ಊಟ, ಔಷಧಿ ಎಲ್ಲವೂ ಆ ಗಾತ್ರಕ್ಕೆ ತಕ್ಕಂತೆಯೇ. ಬೆಳಗ್ಗೆ ಆರಕ್ಕೆ ಹೊರಗೆ ಕರೆದೊಯ್ಯುವವರು ಯಾರು? ಮಗಳಿಗೆ ಪರೀಕ್ಷೆ ಬಂದಾಗ ಯಾರು? ನುಣುಪಾದ ಗ್ರಾನೈಟ್ ನೆಲದಲ್ಲಿ ಬೆಳೆಯುವ ಮರಿಯ ಕಾಲು ಜಾರಿ ಕೀಲಿಗೆ ಪೆಟ್ಟಾಗುತ್ತದೆ, ಜಮಖಾನ ಹಾಸಬೇಕು. ಊಟವಾದ ತಕ್ಷಣ ಓಡಿಸಬಾರದು. ಈ ಜಾತಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡು ಪ್ರಾಣಕ್ಕೇ ಬರುವುದುಂಟು. ಇದರ ಆಯುಸ್ಸು ಸಾಮಾನ್ಯವಾಗಿ 7ರಿಂದ 10 ವರ್ಷ. ಅಷ್ಟು ವರ್ಷದ ವ್ರತ ಇದು. ಸತ್ತಾಗ ಸೂತಕವಿಲ್ಲ, ಸ್ನಾನ ಮಾಡಿ ದೀಪ ಹಚ್ಚಿದರೆ ಸಾಕು. ದುಃಖ ಮಾತ್ರ ಆಗಿಯೇ ಆಗುತ್ತದೆ.

ಎಲ್ಲಕ್ಕಿಂತ ಮೊದಲು ಅತ್ತೆಯವರ ಒಪ್ಪಿಗೆ ಬೇಕು. 74 ವರ್ಷದವರಿಗೆ ಆ ಗಾತ್ರದ ನಾಯಿ ಪ್ರೀತಿಯಿಂದ ಮೇಲೆ ಹಾರಿದರೂ ಅಪಾಯ. ಅವರ ಹೆದರಿಕೆಯನ್ನು ಬರೀ ಮಡಿಯ ಮಾತೆಂದು ತಳ್ಳಿಹಾಕಬೇಡಿ. ಎರಡು ಮೂರು ಭಾನುವಾರ ಅವರನ್ನೂ ಆಶ್ರಯಕ್ಕೆ ಕರೆದೊಯ್ಯಿರಿ, ದೂರದಿಂದ ನೋಡಲಿ. ಆಮೇಲೂ ಬೇಡ ಅಂದರೆ ತರಬೇಡಿ. ಆಗ ಆ ಮರಿಯ ಊಟ, ಔಷಧಿಯ ಖರ್ಚನ್ನು ತಿಂಗಳು ತಿಂಗಳು ಆಶ್ರಯಕ್ಕೇ ಕೊಡಿ, ಮಗಳು ವಾರಕ್ಕೊಮ್ಮೆ ಹೋಗಿ ಬರಲಿ. ಅದೂ ಭೂತಯಜ್ಞವೇ.

ಒಪ್ಪಿದರೆ, ಮರಿ ಬರುವ ದಿನ ದೇವರ ಮುಂದೆ ದೀಪ ಹಚ್ಚಿ, ಎಲ್ಲರೂ ನಿಂತು ಕನ್ನಡದಲ್ಲೇ ಹೇಳಿ: ‘ಈ ಜೀವ ನಮ್ಮನ್ನು ನಂಬಿ ಬಂದಿದೆ. ಅದು ಇರುವವರೆಗೆ ನಾವು ಇದನ್ನು ಕೈಬಿಡುವುದಿಲ್ಲ.’ ಅತ್ತೆಯವರ ಬಾಯಿಂದ ಮೊದಲು ಬರಲಿ ಆ ಮಾತು. ಇದಕ್ಕಿಂತ ದೊಡ್ಡ ಶಾಂತಿ ನನಗೆ ಗೊತ್ತಿಲ್ಲ. ಶುಭವಾಗಲಿ.